ಮೂರು ಸಲ ಬಿಟ್ಟವರಿಗೆ ಮನಸ್ಸಿಲ್ಲ ಅನ್ನಬಹುದಾ?

ಗದಗ-ಬೆಟಗೇರಿಯ ಓದುಗರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯೊಳಗ 'ಮನಸ್ಸು ಗಟ್ಟಿ ಮಾಡಿದರೆ ಸಾಕು, ತಂಬಾಕು ತಾನೇ ಬಿಡುತ್ತದೆ' ಅಂತ ಹಾಕೀರಿ. ನಮ್ಮ ಮನಿಯವರು ಹದಿನೆಂಟು ವರ್ಷದಿಂದ ಗುಟ್ಕಾ ತಿಂತಾರ. ಮೂರು ಸಲ ಬಿಟ್ಟಾರ. ಮೂರೂ ಸಲ ಮೂರನೇ ವಾರಕ್ಕ ತಿರುಗಿ ಹಿಡದಾರ. ನಿಮ್ಮ ಲೇಖನ ಓದಿಸಿಕೊಂಡು ನಮ್ಮತ್ತಿ 'ನೋಡು, ಅವಂಗ ಮನಸ್ಸ ಇಲ್ಲ' ಅಂದ್ರು. ಇವರು ಊಟ ಬಿಟ್ಟು ಎದ್ದು ಹೋದ್ರು. ಇದಕ್ಕ ಔಷಧ ಐತಿ ಅಂತಾರ, ಖರೇನ? ಇನ್ನೊಂದು ಮಾತು. ಆರನೇತ್ತೆ ಓದೋ ಮಗನ್ನ ಅಂಗಡಿಗೆ ಕಳಿಸಿ ತರಿಸ್ತಾರ. ನನಗ ಅದರದ ಚಿಂತಿ ಜಾಸ್ತಿ."

ಅಕ್ಕಾವ್ರೇ, ನಮಸ್ಕಾರ.

ಆ ಸಾಲನ್ನು ತಿದ್ದಿ ಅಚ್ಚಿಗೆ ಕಳಿಸಿದವನು ನಾನೇ. ಅದು ತಪ್ಪು. ನಮ್ಮ ಒಂದು ಸಾಲಿನಿಂದ ನಿಮ್ಮ ಮನೆಯವರು ಊಟ ಬಿಟ್ಟು ಎದ್ದರು ಅಂತ ಓದಿ ಬಹಳ ಬೇಜಾರಾಯಿತು. ಈ ಪುಟವನ್ನು ನಿಮ್ಮ ಅತ್ತೆಯವರಿಗೂ ಓದಿ ಹೇಳಿ.

ನಮ್ಮಪ್ಪ ತಂಬಾಕು ಹಾಕುತ್ತಿದ್ದರು. ಜೇಬಿನಲ್ಲಿ ಸಣ್ಣ ತಗಡಿನ ಡಬ್ಬಿ, ಎರಡೂ ಕಡೆ ಮುಚ್ಚಳ. ಒಂದು ಕಡೆ ತಂಬಾಕು, ಇನ್ನೊಂದು ಕಡೆ ಸುಣ್ಣ. ಎಡ ಅಂಗೈಯಲ್ಲಿ ಹಾಕಿ, ಬಲ ಹೆಬ್ಬೆರಳಿನಿಂದ ತಿಕ್ಕಿ, ಎರಡು ಸಲ ತಟ್ಟಿ ಧೂಳು ಹಾರಿಸಿ ತುಟಿಯ ಹಿಂದೆ ಇಡೋರು. ಬಿಟ್ಟ ದಿನಗಳಲ್ಲೂ ಚಹಾದ ಕಪ್ಪು ಕೆಳಗಿಟ್ಟ ಕೂಡಲೇ ಅವರ ಹೆಬ್ಬೆರಳು ಖಾಲಿ ಅಂಗೈಯನ್ನು ತಿಕ್ಕುತ್ತಿತ್ತು. ಅದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಹಾಗಿರುವಾಗ ಅಲ್ಲಿ ಮನಸ್ಸು ಏನು ಮಾಡಬೇಕು, ಹೇಳಿ?

ತಂಬಾಕಿನ ನಿಕೋಟಿನ್ ಮಿದುಳಿಗೆ ಹೋಗಿ ಖುಷಿ ಕೊಡುವ ಡೋಪಮಿನ್ ಬಿಡಿಸುತ್ತದೆ. ಸುಣ್ಣ ಸೇರಿದರೆ ಬಾಯಿಯ ಒಳಚರ್ಮದಿಂದ ಇನ್ನೂ ಬೇಗ ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಮಿದುಳು ಅದಕ್ಕೆ ಹೊಂದಿಕೊಂಡು ಬಿಡುತ್ತದೆ. ಬಿಟ್ಟಾಗ ಸಿಟ್ಟು, ಚಡಪಡಿಕೆ, ನಿದ್ದೆ ಬಾರದಿರುವುದು ಅದರಿಂದಲೇ. ಸಿಗರೇಟು ಸೇದುವವರ ಮೇಲೆ ನಡೆದ ಅಧ್ಯಯನಗಳ ಪ್ರಕಾರ, ಯಾವ ನೆರವೂ ಇಲ್ಲದೆ ಬಿಡಲು ಹೊರಟ 100 ಜನರಲ್ಲಿ ಆರು ತಿಂಗಳು, ಒಂದು ವರ್ಷ ದಾಟಿಸುವವರು 3ರಿಂದ 5 ಜನ ಮಾತ್ರ. ಉಳಿದ 95 ಜನಕ್ಕೂ ಮನಸ್ಸಿರಲಿಲ್ಲ ಅನ್ನೋಕೆ ಆಗುತ್ತಾ?

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮೂರನೇ ವಾರ. ಮೈಯ ಸಂಕಟ ಮೊದಲ ವಾರದಲ್ಲೇ ಜೋರು. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಅಂದರೆ ನಿಮ್ಮ ಮನೆಯವರು ಕಷ್ಟದ ಪಾಲನ್ನು ಮೂರು ಸಲ ದಾಟಿದ್ದಾರೆ! ಆಮೇಲೆ ಎಳೆಯುವುದು ಜಾಗ ಮತ್ತು ಹೊತ್ತು: ಊಟ ಆದ ಮೇಲೆ, ಚಹಾದಂಗಡಿ ಮುಂದೆ, ಗೆಳೆಯ ಪಾಕೀಟು ಹರಿದು ಅಂಗೈ ಚಾಚಿದಾಗ. ಮನೆಯವರೂ ಅಷ್ಟರಲ್ಲಿ "ಬಿಟ್ಟಾಯ್ತಲ್ಲ" ಅಂತ ಮರೆತಿರುತ್ತಾರೆ. ನೆರವು ಬೇಕಾಗಿರುವುದು ಆಗಲೇ.

ಔಷಧ ಖರೇನೇ ಇದೆ. ಮುಖ್ಯವಾದದ್ದು ವರೆನಿಕ್ಲಿನ್, 2006ರಿಂದ ಬಳಕೆಯಲ್ಲಿದೆ. ನಿಕೋಟಿನ್ ಕೂರುವ ಜಾಗದಲ್ಲೇ ಈ ಮಾತ್ರೆ ಕೂತು ಅರ್ಧಮರ್ಧ ಕೆಲಸ ಮಾಡುತ್ತದೆ. ಚಡಪಡಿಕೆ ತಗ್ಗುತ್ತದೆ. ನಡುವೆ ತಂಬಾಕು ಹಾಕಿದರೂ ಮೊದಲಿನ ಮಜಾ ಸಿಗುವುದಿಲ್ಲ. ಬಿಡುವ ದಿನಕ್ಕಿಂತ ಒಂದು ವಾರ ಮುಂಚೆ ಶುರು ಮಾಡಿ ಸಾಮಾನ್ಯವಾಗಿ 12 ವಾರ ಕೊಡುತ್ತಾರೆ. ಹೊಟ್ಟೆ ತೊಳಸಬಹುದು, ಕನಸು ಜಾಸ್ತಿ ಬೀಳಬಹುದು. ಇದರಿಂದ ತಲೆ ಕೆಡುತ್ತದೆ ಅನ್ನುವ ಭಯ ಬಹಳ ದಿನ ಇತ್ತು. 8,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಔಷಧವಿಲ್ಲದ ಖಾಲಿ ಮಾತ್ರೆ ತಗೊಂಡವರಿಗಿಂತ ವರೆನಿಕ್ಲಿನ್ ತಗೊಂಡವರಲ್ಲಿ ಅಂಥ ತೊಂದರೆ ಗಣನೀಯವಾಗಿ ಹೆಚ್ಚಿರಲಿಲ್ಲ. ಆದರೂ ವೈದ್ಯರ ಚೀಟಿ ಇಲ್ಲದೆ ಬೇಡ. ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ಹೇಳಬೇಕು.

"ಅದೆಲ್ಲ ಸಿಗರೇಟಿನವರಿಗೆ" ಅನ್ನಬಹುದು ನೀವು. ನಾರ್ವೆ, ಸ್ವೀಡನ್‌ಗಳಲ್ಲಿ ತುಟಿಯ ಕೆಳಗೆ ತಂಬಾಕು ಇಡುವ 431 ಜನರ ಮೇಲೆ ಇದೇ ಮಾತ್ರೆಯ ಪರೀಕ್ಷೆ ನಡೆಯಿತು, 2010ರಲ್ಲಿ ಫಲಿತಾಂಶ ಬಂತು. ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ನೋಡಲು ಹಾಗೇ ಇರುವ ಖಾಲಿ ಮಾತ್ರೆ. ಯಾರಿಗೆ ಯಾವುದು ಅಂತ ಕೊಡುವವರಿಗೂ ಗೊತ್ತಿರಲಿಲ್ಲ. ಚಿಕಿತ್ಸೆಯ ಕೊನೆಯ ನಾಲ್ಕು ವಾರ ತಂಬಾಕು ಮುಟ್ಟದವರು ಔಷಧದ ಗುಂಪಿನಲ್ಲಿ 100ಕ್ಕೆ 59, ಖಾಲಿ ಮಾತ್ರೆಯ ಗುಂಪಿನಲ್ಲಿ 39. ಆ 39ನ್ನು ನಾನು ಹಗುರವಾಗಿ ನೋಡುವುದಿಲ್ಲ. ಅವರಿಗೂ ಸಲಹೆ ಸಿಗುತ್ತಿತ್ತು, ಮತ್ತೆ ಮತ್ತೆ ಕರೆದು ವಿಚಾರಿಸುವವರಿದ್ದರು. ನಿಮ್ಮ ಮನೆಯವರಿಗೆ ಮೂರೂ ಸಲ ಅಷ್ಟೂ ಸಿಕ್ಕಿಲ್ಲ.

ಮಾತಿನ ಬಲಕ್ಕೆ ನಮ್ಮ ದೇಶದಲ್ಲೇ ಸಾಕ್ಷಿ ಇದೆ. ಬಿಹಾರದ 72 ಶಾಲೆಗಳ ಅಧ್ಯಯನದಲ್ಲಿ ಅರ್ಧ ಶಾಲೆಗಳ ಸಿಬ್ಬಂದಿಗೆ ತಿಂಗಳು ತಿಂಗಳು ತಂಬಾಕು ಬಿಡುವ ಬಗ್ಗೆ ಶಾಲೆಯಲ್ಲೇ ಕೂತು ಮಾತಾಡುವ ವ್ಯವಸ್ಥೆ ಮಾಡಿದರು. ಕಾರ್ಯಕ್ರಮ ಮುಗಿದು ಒಂಬತ್ತು ತಿಂಗಳಾದ ಮೇಲೆ ಕೇಳಿದಾಗ, ಆರು ತಿಂಗಳಿಂದ ಮುಟ್ಟಿಲ್ಲ ಅಂದವರು ಅಲ್ಲಿ 100ಕ್ಕೆ 19, ಉಳಿದ ಶಾಲೆಗಳಲ್ಲಿ 7.

ಗುಟ್ಕಾದ ವಿಷಯದಲ್ಲಿ ಒಂದು ಎಚ್ಚರಿಕೆ. "ತಂಬಾಕು ಬಿಟ್ಟೇನಿ, ಬರೇ ಅಡಿಕಿ ಪುಡಿ" ಅನ್ನುವವರು ನಮ್ಮ ಕಡೆ ಬಹಳ. ಅಡಿಕೆಯೂ ಚಟ ಹತ್ತಿಸುತ್ತದೆ, ಕ್ಯಾನ್ಸರ್ ತರುತ್ತದೆ. ಬಾಯಿಯ ಒಳಚರ್ಮ ಗಟ್ಟಿಯಾಗಿ ಬಾಯಿ ತೆರೆಯಲಾಗದಂತೆ ಮಾಡುವುದೂ ಅಡಿಕೆಯೇ. ಇವತ್ತೇ ಅವರಿಗೆ ಬಾಯಿ ಅಗಲಿಸಿ ಮೂರು ಬೆರಳು ಒಂದರ ಮೇಲೊಂದು ಬರುವಂತೆ ಜೋಡಿಸಿ ಹಲ್ಲಿನ ಸಾಲುಗಳ ನಡುವೆ ಇಟ್ಟು ನೋಡಲು ಹೇಳಿ. ಹೋಗದಿದ್ದರೆ, ಖಾರ ತಿಂದರೆ ಬಾಯಿ ಉರಿದರೆ, ಬಿಳಿ ಮಚ್ಚೆ ಕಂಡರೆ ಹಲ್ಲಿನ ಡಾಕ್ಟರ ಹತ್ತಿರ ತಡ ಮಾಡದೆ ಹೋಗಿ.

ಇನ್ನು ಮಗ. ನಿಮ್ಮ ಚಿಂತೆ ಸರಿಯಾದದ್ದೇ. 2019ರ ಸಮೀಕ್ಷೆಯಲ್ಲಿ 13ರಿಂದ 15 ವಯಸ್ಸಿನ ಮಕ್ಕಳನ್ನು ಕೇಳಿದಾಗ, ಜಗಿಯುವ ತಂಬಾಕಿನ ರುಚಿ ನೋಡಿದವರಲ್ಲಿ ಅರ್ಧದಷ್ಟು ಮಕ್ಕಳು ಅದನ್ನು ಹತ್ತು ವರ್ಷ ತುಂಬುವ ಮೊದಲೇ ನೋಡಿದ್ದರು. ಪಾಕೀಟು ತರುವ ಕೈಗೆ ಅದು ಹೊಸದಾಗಿ ಉಳಿಯುವುದಿಲ್ಲ, ಅಲ್ವಾ? ಮಕ್ಕಳಿಗೆ ಮಾರುವುದೇ ಕಾನೂನಿಗೆ ವಿರುದ್ಧ. ಅಂಗಡಿಯವರಿಗೆ ನೀವೇ ಹೋಗಿ "ನಮ್ಮ ಹುಡುಗನ ಕೈಗೆ ಕೊಡಬ್ಯಾಡ್ರಿ" ಅಂತ ಹೇಳಿ. ದೆಹಲಿ ಮತ್ತು ಚೆನ್ನೈನ 32 ಶಾಲೆಗಳಲ್ಲಿ 2004ರಿಂದ ಎರಡು ವರ್ಷ ಒಂದು ಪ್ರಯೋಗ ನಡೆಯಿತು. ಆರನೇ, ಎಂಟನೇ ತರಗತಿಯ ಮಕ್ಕಳನ್ನೇ ಮುಂದಾಳು ಮಾಡಿ, ಅವರಿಂದಲೇ ಉಳಿದವರಿಗೆ ಹೇಳಿಸಿದರು. ಕಾರ್ಯಕ್ರಮ ನಡೆದ ಶಾಲೆಗಳಲ್ಲಿ ತಂಬಾಕಿನ ಬಳಕೆ ಬೆಳೆಯಲಿಲ್ಲ. ನಿಮ್ಮ ಮಗನ ಶಾಲೆಯ ಹೆಡ್‌ಮಾಸ್ತರರಿಗೆ ಈ ಪುಟ ತೋರಿಸಿ.

ನಾಲ್ಕನೇ ಸಲಕ್ಕೆ ದಿನ ಅವರೇ ಗೊತ್ತು ಮಾಡಲಿ, ಮದುವೆ ಜಾತ್ರೆಗಳಿಲ್ಲದ ತಿಂಗಳು ನೋಡಿ. ಅದಕ್ಕೂ ಮೊದಲು 1800-11-2356ಕ್ಕೆ ಫೋನ್ ಮಾಡಲಿ. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಗದಗಿನ ಜಿಲ್ಲಾಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ಕೇಂದ್ರ ಎಲ್ಲಿ ಅಂತ ಕೇಳಿ. ಧಾರವಾಡದ ಡಿಮ್ಹಾನ್ಸ್‌ಗೂ ಹೋಗಬಹುದು. ಮಾನಸಿಕ ಆಸ್ಪತ್ರೆ ಅಂತ ಹಿಂಜರಿಯಬೇಡಿ, ಚಟ ಬಿಡಿಸುವುದು ಅವರ ಕೆಲಸವೇ.

ಮೂರನೇ ವಾರ ಬಂದಾಗ ಊಟ ಆದ ಕೂಡಲೇ ಅವರನ್ನು ಒಬ್ಬರನ್ನೇ ಹೊರಗೆ ಬಿಡಬೇಡಿ. ಮಗನನ್ನು ಜೊತೆಗೆ ಮಾಡಿ ಒಂದು ಸುತ್ತು ಅಡ್ಡಾಡಿ ಬರಲು ಕಳಿಸಿ. ಆ ವಾರ ದಾಟಿದ ಮೇಲೆ ನನಗೆ ಒಂದು ಕಾರ್ಡು ಬರೆಯಿರಿ. ದಾಟದಿದ್ದರೂ ಬರೆಯಿರಿ.

– ಸಂಪಾದಕ