ಹೊಸ ಊರಿನಲ್ಲಿ ಒಬ್ಬರೇ ಇದ್ದಾಗ ಜಿಯೋಕ್ಯಾಶಿಂಗ್ ಆಡಬಹುದಾ?

ಕೆಲಸದ ಮೇಲೆ ಬೇರೆ ದೇಶಕ್ಕೆ ಬಂದು ಮೂರು ತಿಂಗಳಾಯಿತು, ಪರಿಚಯದವರು ಯಾರೂ ಇಲ್ಲ, ರಜೆಯ ದಿನ ಕಳೆಯುವುದೇ ಕಷ್ಟ ಅಂದಿದ್ದೀರಿ. ಯಾರೋ ಜಿಯೋಕ್ಯಾಶಿಂಗ್ ಬಗ್ಗೆ ಹೇಳಿದ್ದಾರೆ. ಒಬ್ಬರೇ ಆಡಬಹುದಾ, ನೋಡಿದವರು ಏನಂದುಕೊಳ್ಳುತ್ತಾರೆ, ಪ್ರಯಾಣದಲ್ಲಿ ಯಾರಾದರೂ ಆಡಿದ್ದೀರಾ ಅನ್ನೋದು ನಿಮ್ಮ ಪ್ರಶ್ನೆ.

ಒಬ್ಬರೇ ಆಡಬಹುದು. ನಾನು ಆಡಿದ್ದು ಬಹುಪಾಲು ಒಬ್ಬನೇ. ನೋಡಿದವರು ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ, ಅದನ್ನು ತಪ್ಪಿಸೋಕೆ ಆಗಲ್ಲ. ಹನ್ನೊಂದು ವರ್ಷದಲ್ಲಿ ನಾಲ್ಕು ಊರು ಬದಲಾಯಿಸಿದ್ದೇನೆ. ಪ್ರತಿ ಸಲ ಮನೆಯ ಸಾಮಾನು ಬಿಚ್ಚುವ ಮೊದಲೇ ಹತ್ತಿರದಲ್ಲಿ ಎಷ್ಟು ಡಬ್ಬಿಗಳಿವೆ ಅಂತ ನಕ್ಷೆ ತೆಗೆದು ನೋಡುವವನು ನಾನು.

ಆಟ ಗೊತ್ತಿಲ್ಲದೆ ಇದನ್ನು ಓದುತ್ತಿರುವವರಿಗೆ: ಯಾರೋ ಒಂದು ಡಬ್ಬಿಯನ್ನು (ಇದಕ್ಕೇ ಕ್ಯಾಶ್ ಅನ್ನುತ್ತಾರೆ) ಎಲ್ಲೋ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶವನ್ನು ಜಾಲತಾಣದಲ್ಲಿ ಹಾಕುತ್ತಾರೆ. ನೀವು ಫೋನು ಹಿಡಿದು ಅಲ್ಲಿಗೆ ಹೋಗಿ, ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದ ಹಾಗೇ ವಾಪಸ್ ಇಟ್ಟು ಬರಬೇಕು. ಅಷ್ಟೇ. 2000ನೇ ಇಸವಿಯ ಮೇ ಶುರುವಿನಲ್ಲಿ ಅಮೆರಿಕ ಸರ್ಕಾರ ಸಾಮಾನ್ಯರಿಗೆ ಸಿಗುತ್ತಿದ್ದ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುವುದನ್ನು ನಿಲ್ಲಿಸಿತು. ಅಲ್ಲಿಯವರೆಗೆ ನೂರು ಮೀಟರ್‌ವರೆಗೂ ತಪ್ಪು ತೋರಿಸುತ್ತಿದ್ದ ಯಂತ್ರ ಒಂದೇ ರಾತ್ರಿಯಲ್ಲಿ ಸರಿಯಾಯಿತು. ಮೇ 3ರಂದು ಡೇವ್ ಅಲ್ಮರ್ ಎಂಬುವವರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಕಪ್ಪು ಬಕೆಟ್ ಇಟ್ಟು, ಉತ್ತರ 45° 17.460, ಪಶ್ಚಿಮ 122° 24.800 ಅಂತ ಎಲ್ಲರಿಗೂ ತಿಳಿಸಿದರು. ಅದರಲ್ಲಿ ಒಂದು ನೋಟ್‌ಪುಸ್ತಕ, ಪೆನ್ಸಿಲ್, ಕವಣೆ ಜೊತೆಗೆ ಒಂದು ಡಬ್ಬಿ ಬೀನ್ಸ್ ಕೂಡ ಇತ್ತು. ಈಗ ಕ್ಯಾಶ್‌ನಲ್ಲಿ ತಿನ್ನುವ ವಸ್ತು ಇಡುವ ಹಾಗಿಲ್ಲ, ವಾಸನೆಗೆ ಪ್ರಾಣಿಗಳು ಬಂದು ಡಬ್ಬಿಯನ್ನೇ ಕಚ್ಚಿ ಹಾಕುತ್ತವೆ. ಈಗ ಇಂಥ ಕ್ಯಾಶ್‌ಗಳು ಜಗತ್ತಿನಲ್ಲಿ 30 ಲಕ್ಷಕ್ಕೂ ಜಾಸ್ತಿ ಇವೆ. ಒಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಇದೆ. 2008ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬ ಬಾಹ್ಯಾಕಾಶ ಪ್ರವಾಸಿ ಅಲ್ಲಿಗೆ ಹೋದಾಗ ಇಟ್ಟು ಬಂದದ್ದು.

ನನ್ನ ಮೊದಲ ಕ್ಯಾಶ್ ಮನೆಯಿಂದ ಏಳು ನಿಮಿಷದ ದಾರಿಯಲ್ಲಿತ್ತು. ಹುಡುಕಿದ್ದು ನಲವತ್ತು ನಿಮಿಷ. ಎತ್ತರದ ಕಟ್ಟಡಗಳ ಮಧ್ಯೆ ಜಿಪಿಎಸ್ ಸಂಕೇತ ಗೋಡೆಗೆ ಬಡಿದು ಬರುತ್ತದೆ, ಬಾಣದ ಗುರುತು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾರುತ್ತದೆ. ನಾನೂ ಅದರ ಹಿಂದೆ ಹಾರುತ್ತಿದ್ದೆ. ಹತ್ತು ಮೀಟರ್ ಒಳಗೆ ಬಂದ ಮೇಲೆ ಫೋನನ್ನು ಜೇಬಿಗೆ ಹಾಕಿ ಕಣ್ಣು ಬಳಸಬೇಕು ಅಂತ ಆಗ ಯಾರೂ ಹೇಳಿರಲಿಲ್ಲ. ಕೊನೆಗೆ ಕಬ್ಬಿಣದ ಕಟಕಟೆಯ ಅಡಿಗೆ ಬೆರಳು ಹಾಕಿದಾಗ ಆಯಸ್ಕಾಂತ ಅಂಟಿಸಿದ ಪುಟ್ಟ ಡಬ್ಬಿ ಸಿಕ್ಕಿತು. ಒಳಗೆ ಸುರುಳಿ ಸುತ್ತಿದ ಚೀಟಿ. ನನ್ನ ಹತ್ತಿರ ಪೆನ್ ಇರಲಿಲ್ಲ. ಇಂಥ ಸಣ್ಣ ಡಬ್ಬಿಯಲ್ಲಿ ಪೆನ್ಸಿಲ್ ಹಿಡಿಯುವುದಿಲ್ಲ, ನಾವೇ ಒಯ್ಯಬೇಕು. ಹೆಸರು ಬರೆಯದೆ ಜಾಲತಾಣದಲ್ಲಿ ಸಿಕ್ಕಿತು ಅಂತ ಹಾಕುವ ಹಾಗಿಲ್ಲ. ಮನೆಗೆ ಹೋಗಿ ಪೆನ್ ತಂದೆ. ಹದಿನಾಲ್ಕು ನಿಮಿಷ, ಹೋಗಿ ಬಂದು.

ಆದರೆ ಆ ಕಟಕಟೆ ಇದ್ದದ್ದು ಒಂದು ಹಳೆಯ ಮೆಟ್ಟಿಲು ಸಾಲಿನ ಪಕ್ಕ. ನಾನು ಎರಡು ತಿಂಗಳಿಂದ ಅದರ ಮುಂದೆಯೇ ಓಡಾಡಿದ್ದೆ. ಮೆಟ್ಟಿಲು ಹತ್ತಿದರೆ ಇಡೀ ಊರು ಕಾಣುತ್ತದೆ ಅಂತ ಗೊತ್ತೇ ಇರಲಿಲ್ಲ. ನನ್ನ ಮಟ್ಟಿಗೆ ಈ ಆಟದ ರುಚಿ ಇರುವುದು ಇಲ್ಲೇ. ಪ್ರವಾಸಿಗರಿಗೆ ಊರು ಏನನ್ನು ತೋರಿಸಬೇಕೋ ಅದನ್ನು ತೋರಿಸುತ್ತದೆ. ಡಬ್ಬಿ ಇಟ್ಟವರು ತೋರಿಸುವುದು ತಾವು ದಿನಾ ನಾಯಿ ಕರೆದುಕೊಂಡು ಹೋಗುವ ಜಾಗ, ತಮಗೆ ಇಷ್ಟವಾದ ಒಂದು ಮರ, ಯಾರೂ ಓದದ ಒಂದು ಕಲ್ಲು. ಎಲ್ಲ ಕ್ಯಾಶ್‌ಗಳೂ ಹೀಗೆ ಅಂತ ಮಾತ್ರ ನಂಬಬೇಡಿ. ದೀಪದ ಕಂಬದ ಬುಡಕ್ಕೆ ಒಂದು ಡಬ್ಬಿ, ಹೆದ್ದಾರಿಯ ತಡೆಗೋಡೆಗೆ ಒಂದು ಡಬ್ಬಿ, ಅಂಥವೂ ಬೇಕಾದಷ್ಟಿವೆ. ಸಂಖ್ಯೆ ಏರಿಸುವವರಿಗೆ ಅವು ಸರಿ. ನಾನು ಬಿಟ್ಟುಬಿಡುತ್ತೇನೆ. ಆಡಿದವರು ಕೊಟ್ಟ ಫೇವರಿಟ್ ಪಾಯಿಂಟ್ ಜಾಸ್ತಿ ಇರುವವನ್ನು ಮೊದಲು ನೋಡಿ, ಸಮಯ ಉಳಿಯುತ್ತದೆ.

ಜನ ನೋಡುವ ವಿಷಯಕ್ಕೆ ಬರೋಣ. ಈ ಆಟ ಗೊತ್ತಿಲ್ಲದವರನ್ನು ಆಟಗಾರರು ಮಗಲ್ ಅಂತ ಕರೆಯುತ್ತಾರೆ. ಅವರ ಕಣ್ಣಿಗೆ ಬೀಳದೆ ಡಬ್ಬಿ ತೆಗೆಯಬೇಕು, ಇಲ್ಲದಿದ್ದರೆ ಆಮೇಲೆ ಯಾರೋ ಕಿತ್ತು ಬಿಸಾಕುತ್ತಾರೆ. ಶೂ ಲೇಸ್ ಕಟ್ಟುವ ಹಾಗೆ, ಫೋನಿನಲ್ಲಿ ಮಾತಾಡುವ ಹಾಗೆ ನಟಿಸುವುದು ಎಲ್ಲರೂ ಮಾಡುವ ಕೆಲಸ. ಒಮ್ಮೆ ನಾನು ಒಂದು ಬೆಂಚಿನ ಕೆಳಗೆ ಬಗ್ಗಿ ಕೈಯಾಡಿಸುತ್ತಿದ್ದಾಗ ಎದುರಿನ ಕಿಟಕಿಯಿಂದ ನೋಡುತ್ತಿದ್ದ ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಬಂದ ಇಬ್ಬರಿಗೆ ಆ್ಯಪ್ ತೆರೆದು ತೋರಿಸಿದೆ. ಒಬ್ಬರಿಗೆ ಆಟ ಗೊತ್ತಿತ್ತು. ಇನ್ನೊಬ್ಬರಿಗೆ ಅವರೇ ವಿವರಿಸಿದರು, ನಾನು ಸುಮ್ನೆ ನಿಂತಿದ್ದೆ. ಪರದೇಶದಲ್ಲಿ ಇರುವವರಿಗೆ ಇದು ತಮಾಷೆ ಅಲ್ಲ ಅಂತ ಆ ಐದು ನಿಮಿಷದಲ್ಲಿ ಅರ್ಥವಾಯಿತು. ಹಾಗಾಗಿ ನನ್ನ ಕಟ್ಟುನಿಟ್ಟು ಇಷ್ಟು: ಶಾಲೆ, ಸೇತುವೆ, ರೈಲು ಹಳಿ, ಸರ್ಕಾರಿ ಕಟ್ಟಡದ ಹತ್ತಿರ ಅನುಮಾನ ಬಂದರೆ ಹುಡುಕುವುದಿಲ್ಲ. ಕತ್ತಲಾದ ಮೇಲೆ ಒಬ್ಬನೇ ಹೋಗುವುದಿಲ್ಲ. ಯಾರಾದರೂ ಕೇಳಿದರೆ ಕಥೆ ಕಟ್ಟದೆ ನಿಜ ಹೇಳುತ್ತೇನೆ. ಗುರುತಿನ ಚೀಟಿ ಜೇಬಿನಲ್ಲೇ ಇರುತ್ತದೆ. ನೀವು ಹೆಣ್ಣುಮಗಳಾಗಿದ್ದರೆ ಅಥವಾ ಆ ಊರಲ್ಲಿ ನೋಡಿದ ಕೂಡಲೇ ಹೊರಗಿನವರು ಅಂತ ಗೊತ್ತಾಗುವವರಾಗಿದ್ದರೆ ಇನ್ನೂ ಸ್ವಲ್ಪ ಜಾಸ್ತಿಯೇ ಎಚ್ಚರ ಇರಲಿ. ಡಬ್ಬಿ ಎಲ್ಲಿಗೂ ಓಡಿ ಹೋಗಲ್ಲ.

ಹೊಸಬರು ಎಡವುವ ಒಂದು ಜಾಗ ಹೇಳಿಬಿಡುತ್ತೇನೆ, ನಾನೂ ಎಡವಿದ್ದೇನೆ. ಕ್ಯಾಶ್‌ನ ಅಂಕಿಗಳು ಡಿಗ್ರಿ ಮತ್ತು ದಶಮಾಂಶ ನಿಮಿಷದಲ್ಲಿ ಇರುತ್ತವೆ. ಮೇಲೆ ಬರೆದ 17.460 ಅಂದರೆ 17 ನಿಮಿಷ 46 ಸೆಕೆಂಡ್ ಅಲ್ಲ, 17 ನಿಮಿಷ 27.6 ಸೆಕೆಂಡ್. ತಪ್ಪಾಗಿ ಓದಿದರೆ ಅರ್ಧ ಕಿಲೋಮೀಟರಿಗೂ ಜಾಸ್ತಿ ಉತ್ತರಕ್ಕೆ ಹೋಗಿ ನಿಲ್ಲುತ್ತೀರಿ. ಸಾದಾ ಕ್ಯಾಶ್‌ನಲ್ಲಿ ಆ್ಯಪ್ ನೋಡಿಕೊಳ್ಳುತ್ತದೆ. ಆದರೆ ಮಲ್ಟಿ ಅಂತ ಒಂದು ಬಗೆ ಇದೆ, ಒಂದು ಕಡೆ ಸಿಕ್ಕ ಸುಳಿವಿನಿಂದ ಮುಂದಿನ ಜಾಗದ ಅಂಕಿ ಲೆಕ್ಕ ಹಾಕಬೇಕು. ಅಲ್ಲಿ ನಾನು ಸೆಕೆಂಡ್ ಅಂತ ಹಾಕಿಕೊಂಡು ಒಂದು ಇಡೀ ಮಧ್ಯಾಹ್ನ ಯಾರದೋ ಹೊಲದ ಬೇಲಿ ನೋಡುತ್ತಾ ನಿಂತಿದ್ದೆ.

ಇನ್ನೊಂದು ಮಜಾ ಸುಳಿವಿನದ್ದು. ಸುಳಿವನ್ನು ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಹದಿಮೂರು ಸ್ಥಾನ ಜರುಗಿಸಿ ಬರೆದಿರುತ್ತಾರೆ, ಎ ಇದ್ದಲ್ಲಿ ಎನ್ ಬರುತ್ತದೆ. ಬಟನ್ ಒತ್ತಿದರೆ ಬಿಡಿಸಿ ತೋರಿಸುತ್ತದೆ. ಬಿಡಿಸಿದ ಮೇಲೆ ಸಿಗುವುದು ಊರಿನ ಭಾಷೆ, ಅದನ್ನು ಮತ್ತೆ ಬಿಡಿಸಬೇಕು! ಒಂದು ಸಲ ಅನುವಾದದ ಆ್ಯಪ್ 'ಚಳಿಗಾಲದಲ್ಲೂ ಹಸಿರು' ಅಂತ ಹೇಳಿತು. ನಾನು ಪೈನ್ ಮರಗಳನ್ನು ಒಂದೊಂದಾಗಿ ತಡಕಿದೆ. ಅದು ಗೋಡೆಗೆ ಹಬ್ಬಿದ ಬಳ್ಳಿ. ಆ ಭಾಷೆಯಲ್ಲಿ ಆ ಬಳ್ಳಿಯ ಹೆಸರು ನಾನು ಇವತ್ತಿಗೂ ಮರೆತಿಲ್ಲ. ತರಗತಿಯಲ್ಲಿ ಕಲಿತ ಎಷ್ಟೋ ಪದ ಮರೆತುಹೋಗಿವೆ.

ಪ್ರಯಾಣದಲ್ಲಿ ಆಡುವುದು ಬೇರೆ, ಇದ್ದ ಊರಿನಲ್ಲಿ ಆಡುವುದು ಬೇರೆ. ಒಗಟು ಬಿಡಿಸಿದರೆ ಮಾತ್ರ ಜಾಗ ಗೊತ್ತಾಗುವ ಕ್ಯಾಶ್‌ಗಳೂ ಇವೆ, ಎರಡು ದಿನಕ್ಕೆ ಹೋದ ಊರಲ್ಲಿ ಅವನ್ನು ಬಿಡಿಸುತ್ತಾ ಕೂರಬೇಡಿ. ಪ್ರತಿ ಕ್ಯಾಶ್‌ಗೂ ಎರಡು ಅಂಕ ಇರುತ್ತವೆ, ಹುಡುಕುವ ಕಷ್ಟಕ್ಕೆ ಒಂದು, ದಾರಿಯ ಕಷ್ಟಕ್ಕೆ ಒಂದು, 1ರಿಂದ 5ರವರೆಗೆ. ದಾರಿಯ ಅಂಕ 5 ಅಂದರೆ ದೋಣಿಯೋ ಹಗ್ಗವೋ ಬೇಕು. ಎರಡೂ 2ರ ಒಳಗೆ ಇರುವಂಥವು, ಇತ್ತೀಚೆಗೆ ಯಾರಿಗಾದರೂ ಸಿಕ್ಕಿರುವಂಥವು ಸಾಕು. ವಿವರಗಳನ್ನು ಹೊರಡುವ ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಪ್ರಯಾಣದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಅರ್ಥ್‌ಕ್ಯಾಶ್. ಅದರಲ್ಲಿ ಡಬ್ಬಿಯೇ ಇಲ್ಲ. ಒಂದು ಬಂಡೆ, ಜಲಪಾತ, ಕೆಲವು ಸಲ ಕಟ್ಟಡದ ಗೋಡೆಯ ಕಲ್ಲು. ಅದನ್ನು ನೋಡಿ ಕೊಟ್ಟ ಪ್ರಶ್ನೆಗಳಿಗೆ ಉತ್ತರ ಬರೆದು ಕಳಿಸಬೇಕು. ಅಮೆರಿಕದ ಭೂವಿಜ್ಞಾನ ಸಂಘ ಶುರು ಮಾಡಿದ ಕಾರ್ಯಕ್ರಮ ಇದು, ಮೊದಲನೆಯದು 2004ರಲ್ಲಿ ಆಸ್ಟ್ರೇಲಿಯಾದಲ್ಲಿ ಬಂತು. ಒಂದು ರೈಲಿಗೂ ಇನ್ನೊಂದು ರೈಲಿಗೂ ಮಧ್ಯೆ ಸಿಕ್ಕ ಒಂದೂವರೆ ಗಂಟೆಯಲ್ಲಿ, ಒಂದು ಸಾರ್ವಜನಿಕ ಮೆಟ್ಟಿಲಿನ ಕಲ್ಲಿನಲ್ಲಿ ಶಂಖದಂಥ ಪಳೆಯುಳಿಕೆ ಎಣಿಸಿದ್ದೇನೆ. ಮಂಡಿಯೂರಿ, ಸೂಟ್‌ಕೇಸ್ ಪಕ್ಕದಲ್ಲಿಟ್ಟುಕೊಂಡು.

ಡಬ್ಬಿಗಳಲ್ಲಿ ಕೆಲವು ಸಲ ಟ್ರಾವೆಲ್ ಬಗ್ ಸಿಗುತ್ತದೆ. ಸಂಖ್ಯೆ ಕೆತ್ತಿದ ಒಂದು ಲೋಹದ ಬಿಲ್ಲೆ, ಅದಕ್ಕೆ ಒಂದು ಗೊಂಬೆಯೋ ಕೀ ಚೈನೋ ಕಟ್ಟಿರುತ್ತದೆ. ಅದಕ್ಕೆ ಒಂದು ಗುರಿ ಇರುತ್ತದೆ, ಸಮುದ್ರ ನೋಡಬೇಕು, ಇಂಥ ದೇಶಕ್ಕೆ ಹೋಗಬೇಕು ಅಂತ. ನೀವು ಅದನ್ನು ಒಯ್ದು ಮುಂದಿನ ಕ್ಯಾಶ್‌ನಲ್ಲಿ ಬಿಡಬೇಕು, ಎರಡು ವಾರದ ಒಳಗೆ ಬಿಟ್ಟರೆ ಮರ್ಯಾದೆ. ನಾನು ಒಂದನ್ನು ತೆಗೆದುಕೊಂಡವನು ಆ ತಿಂಗಳೇ ಊರು ಬಿಟ್ಟೆ. ಅದು ಒಂದು ಪೆಟ್ಟಿಗೆಯ ತಳಕ್ಕೆ ಸೇರಿತು. ಎಂಟು ತಿಂಗಳ ಮೇಲೆ ಮಾಲೀಕರಿಂದ ಒಂದು ಸಂದೇಶ ಬಂತು, 'ನಮ್ಮ ಆಮೆ ಚೆನ್ನಾಗಿದೆಯಾ?' ಅಂತ. ಬೈದಿದ್ದರೆ ವಾಸಿ ಇತ್ತು. ಮನೆಯೆಲ್ಲ ತಡಕಿ, ಅದೇ ವಾರ ಸಮುದ್ರದ ದಡದ ಒಂದು ಕ್ಯಾಶ್‌ವರೆಗೆ ಬಸ್ಸಿನಲ್ಲಿ ಹೋಗಿ ಇಟ್ಟು ಫೋಟೋ ಕಳಿಸಿದೆ. ಆಮೇಲಿಂದ ಒಯ್ಯೋದು ಗ್ಯಾರಂಟಿ ಇದ್ದರೆ ಮಾತ್ರ ಬಗ್ ಮುಟ್ಟುತ್ತೇನೆ.

ಈಗ ಊರಿನಲ್ಲಿ ಇರುವವರ ಆಟ. ನಿಮಗೆ ಇದೇ ಮುಖ್ಯ ಅಂತ ನನಗನ್ನಿಸುತ್ತದೆ. ಸಿಗುವ ಡಬ್ಬಿಗಳೆಲ್ಲ ಸಿಕ್ಕ ಮೇಲೆ ನಾನೂ ಒಂದು ಇಡೋಣ ಅನ್ನಿಸಿತು. ಒಳ್ಳೆ ಜಾಗ ಹುಡುಕಿ, ವಿವರ ಬರೆದು ಕಳಿಸಿದೆ. ಪ್ರಕಟವಾಗುವ ಮೊದಲು ಸ್ವಯಂಸೇವಕರಾದ ರಿವ್ಯೂವರ್ ಒಬ್ಬರು ನೋಡುತ್ತಾರೆ. ಅವರು ತಿರಸ್ಕರಿಸಿದರು. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಇರಬೇಕು, ಅಂದರೆ ಮೈಲಿಯ ಹತ್ತನೇ ಒಂದು ಭಾಗ. ನಕ್ಷೆಯಲ್ಲಿ ಹತ್ತಿರ ಏನೂ ಕಾಣುತ್ತಿರಲಿಲ್ಲ. ಆದರೆ ಯಾರದೋ ಒಗಟಿನ ಕ್ಯಾಶ್‌ನ ನಿಜವಾದ ಡಬ್ಬಿ ಅಲ್ಲೇ ಪಕ್ಕದಲ್ಲಿ ಇತ್ತಂತೆ. ಒಗಟು ಬಿಡಿಸದ ನನಗೆ ಅದು ಗೊತ್ತಾಗುವುದಾದರೂ ಹೇಗೆ?

ಜಾಗ ಬದಲಾಯಿಸಿ ಮತ್ತೆ ಕಳಿಸಿದೆ. ಈ ಸಲ ಒಂದು ಪ್ರಶ್ನೆ ಬಂತು: ನೀವು ಈ ಊರಲ್ಲಿ ಇರುವವರಾ, ಡಬ್ಬಿ ಒದ್ದೆಯಾದರೆ, ಕಳೆದುಹೋದರೆ ಯಾರು ಬಂದು ನೋಡುತ್ತಾರೆ? ರಜೆಗೆ ಬಂದವರು ಇಟ್ಟು ಹೋಗುವ ಡಬ್ಬಿಗಳನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಅವು ಕೊನೆಗೆ ಕಸ ಆಗುತ್ತವೆ. ನನಗೆ ಉತ್ತರ ಬರೆಯಲು ಎರಡು ದಿನ ಬೇಕಾಯಿತು. ವಿಳಾಸದ ಚೀಟಿಯಲ್ಲಿ, ಬ್ಯಾಂಕಿನಲ್ಲಿ, ಎಲ್ಲಾ ಕಡೆ ಆ ಊರಿನವನು ಅಂತ ಬರೆದಿದ್ದೆ. ಆದರೆ ಇಲ್ಲೇ ಇರ್ತೀಯಾ ಅಂತ ಯಾರೂ ಕೇಳಿರಲಿಲ್ಲ. ಇನ್ನು ಎರಡು ವರ್ಷ ಇರುತ್ತೇನೆ, ಹೋಗುವಾಗ ಬೇರೆಯವರಿಗೆ ವಹಿಸುತ್ತೇನೆ ಅಂತ ಬರೆದೆ. ಪ್ರಕಟವಾಯಿತು.

ಇಟ್ಟ ಮೇಲೆ ಅದೊಂದು ಹೊಣೆ. ಮೊದಲ ಚಳಿಗಾಲದಲ್ಲೇ ಚೀಟಿ ಒದ್ದೆಯಾಗಿ ಮುದ್ದೆಯಾಗಿದೆ ಅಂತ ವರದಿ ಬಂತು. ರಬ್ಬರ್ ಅಂಚಿನ ಮುಚ್ಚಳ ಸಾಕು ಅಂದುಕೊಂಡಿದ್ದೆ. ನೀರಿಗೆ ಹೆದರದ ಕಾಗದ, ಅದಕ್ಕೊಂದು ಜಿಪ್ ಚೀಲ ಹಾಕಿ ಬಂದೆ. ಹೀಗೆ ರಜೆಯ ದಿನ ಹೊರಗೆ ಹೋಗೋಕೆ ನನಗೊಂದು ಕಾರಣ ಸಿಕ್ಕಿತು. ಒಂದು ಸಲ ಹೋದಾಗ ಅಲ್ಲಿ ಆಗಲೇ ಒಬ್ಬರು ಬಗ್ಗಿ ಹುಡುಕುತ್ತಿದ್ದರು. ನಾನು ಮಗಲ್ ಅಂತ ತಿಳಿದು ಗಾಬರಿಯಾಗಿ ಶೂ ಲೇಸ್ ಕಟ್ಟತೊಡಗಿದರು. ಅವರ ಶೂಗೆ ಲೇಸ್ ಇರಲಿಲ್ಲ. ಆ ಊರಿನಲ್ಲಿ ನನಗೆ ಸಿಕ್ಕ ಮೊದಲ ಗೆಳೆಯ ಅವರೇ. ಅವರ ಜೊತೆ ಒಂದು ಈವೆಂಟ್‌ಗೆ ಹೋದೆ, ಅಂದರೆ ಆಟಗಾರರು ಒಂದು ಕಡೆ ಸೇರಿ ಹರಟೆ ಹೊಡೆಯುವುದು. ಅದಕ್ಕೂ ನಕ್ಷೆಯಲ್ಲಿ ಗುರುತು ಇರುತ್ತದೆ. ಸೇರಿ ಕಸ ಹೆಕ್ಕುವ ಸೀಟೋ ಅನ್ನೋ ಈವೆಂಟ್‌ಗಳೂ ಇವೆ. ಭಾಷೆ ಅರ್ಧ ಬರುವವರಿಗೆ ಅದು ಇನ್ನೂ ಸಲೀಸು, ಕೈ ಕೆಲಸ ಮಾಡುತ್ತಿರುತ್ತದೆ, ಮಾತು ಕಡಿಮೆ ಆದರೂ ನಡೆಯುತ್ತದೆ. ನಿಮ್ಮ ಊರಲ್ಲಿ ಇಂಥದ್ದು ಇದೆಯಾ ನೋಡಿ, ಒಂದು ಡಬ್ಬಿಯೂ ಸಿಗದಿದ್ದರೂ ಹೋಗಬಹುದು.

ಊರು ಬಿಡುವಾಗ ಡಬ್ಬಿಯನ್ನು ಲೇಸಿಲ್ಲದ ಶೂನವರಿಗೇ ದತ್ತು ಕೊಟ್ಟೆ. ದತ್ತು ಅನ್ನೋದು ನನ್ನ ಪದ ಅಲ್ಲ, ಆಟದಲ್ಲೇ ಹಾಗೆ ಕರೆಯುತ್ತಾರೆ. ಜಾಲತಾಣದಲ್ಲಿ ಒಂದು ಅರ್ಜಿ, ಅವರು ಒಪ್ಪಿದರೆ ಮುಗಿಯಿತು. ನಾನು ಅದನ್ನು ವಾಚ್‌ಲಿಸ್ಟ್‌ಗೆ ಹಾಕಿಕೊಂಡಿದ್ದೇನೆ, ಯಾರು ಏನು ಬರೆದರೂ ಮೇಲ್ ಬರುತ್ತದೆ. ಹೋದ ತಿಂಗಳು ಅವರದ್ದೇ ಒಂದು ಟಿಪ್ಪಣಿ ಬಂತು. ಡಬ್ಬಿಯನ್ನು ನಾನಿಟ್ಟ ಬಿರುಕಿನಿಂದ ತೆಗೆದು ಮೂರು ಮೀಟರ್ ಆಚೆ ಇಟ್ಟಿದ್ದಾರೆ. ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಅಂತ ಸ್ವಲ್ಪ ಬೇಜಾರಾಯಿತು. ಆದರೆ ಆ ಬಿರುಕಿನಲ್ಲಿ ಮಳೆ ನೀರು ಇಳಿಯುತ್ತಿತ್ತು. ಎರಡು ಚಳಿಗಾಲ ಕಾಗದ ಬದಲಾಯಿಸಿದ ನನಗೆ ಅದು ಹೊಳೆದಿರಲಿಲ್ಲ.