ಕೆರೆ ಸಂಶೋಧನೆಗೆ ವಿಜ್ಞಾನವನ್ನೇ ಓದಿರಬೇಕಾ?

ಕೋಲಾರದ ಕೆರೆಗಳ ಮೇಲೆ ಕೆಲಸ ಮಾಡುವ ನಮ್ಮ ತಂಡದಲ್ಲಿ ಯಾರ್ಯಾರಿದ್ದಾರೆ, ಬಿ.ಎ. ಇತಿಹಾಸ ಓದಿದವರಿಗೂ ಜಾಗ ಇದೆಯಾ ಎಂದು ಕೇಳಿದ್ದೀರಿ. ಖಂಡಿತ ಇದೆ. ನಾವಿರುವುದು ನಾಲ್ಕೇ ಜನ, ಅದರಲ್ಲಿ ಒಬ್ಬರು ಇತಿಹಾಸದವರೇ.

ನಾನು ಓದಿದ್ದು ರಸಾಯನಶಾಸ್ತ್ರ. ಊರು ಮುಳಬಾಗಿಲು ಕಡೆ. ಕೊಳವೆಬಾವಿ ನೀರು ಕುಡಿದೇ ಬೆಳೆದವನು. ನನ್ನ ಓರಗೆಯ ಹಲವರ ಹಲ್ಲಿನ ಮೇಲೆ ಕಂದು ಪಟ್ಟೆಗಳಿದ್ದವು. ಅದಕ್ಕೆ ಫ್ಲೋರೈಡ್ ಕಾರಣ ಅಂತ ತಿಳಿದಿದ್ದು ಕಾಲೇಜಿಗೆ ಹೋದಮೇಲೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅವತ್ತಿನಿಂದ ಬಾಟಲಿ ಹಿಡಿದು ಊರೂರು ಸುತ್ತುತ್ತಿದ್ದೇನೆ.

ಭೂವಿಜ್ಞಾನ ಓದಿದ ಗೆಳತಿ ಬಂಡೆಗಳನ್ನು ನೋಡುತ್ತಾರೆ. ನಮ್ಮ ಗಟ್ಟಿ ಕಲ್ಲಿನ ನೆಲದಲ್ಲಿ ನೀರು ನಿಲ್ಲುವುದು ಹೆಚ್ಚಾಗಿ ಬಿರುಕುಗಳಲ್ಲಿ. ಕಲ್ಲಿನ ಜೊತೆ ಜಾಸ್ತಿ ಕಾಲ ಇದ್ದಷ್ಟೂ ಫ್ಲೋರೈಡ್ ಕರಗಿ ನೀರಿಗೆ ಸೇರುತ್ತದೆ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆಯಲ್ವಾ, ಅವರ ಕಣ್ಣು ಈಗ ಅದರ ಮೇಲಿದೆ. ಕೆರೆ ತುಂಬಿದ್ದು ನೋಡಿ ನಮಗೂ ಸಂತೋಷವೇ. ಆದರೆ ಆ ನೀರಿಗೆ ಈಗ ಮಾಡುವ ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯದೂ ಬೇಕು ಅನ್ನುವುದು ನಮ್ಮ ನಿಲುವು.

ಇತಿಹಾಸದವರು ಕೆರೆ ಶಾಸನ ಓದುತ್ತಾರೆ. ಬಿ.ಎಲ್. ರೈಸ್ 1905ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದೇ. ಕೆರೆ ಕಟ್ಟಿದವರಿಗೆ ಕೊಟ್ಟ ಜಮೀನಿಗೆ ಅದರಲ್ಲಿ ಕಟ್ಟುಕೊಡಗೆ ಎಂಬ ಮಾತು ಸಿಗುತ್ತದೆ. ಯಾವ ಕೆರೆಯನ್ನು ಯಾರು ಕಟ್ಟಿಸಿದರು, ನೋಡಿಕೊಳ್ಳುವವರಿಗೆ ಏನು ಕೊಟ್ಟರು ಅನ್ನುವುದು ಲ್ಯಾಬಿನಲ್ಲಿ ಗೊತ್ತಾಗುವುದಿಲ್ಲ.

ನಾಲ್ಕನೆಯವರು ನೀರುಗಂಟಿ ಮನೆತನದವರು. ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಹಂಚುವುದು ಅವರ ಮನೆಯ ಕೆಲಸವಾಗಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿಲ್ಲ. ಒಂದು ಸಲ ಮೇಲಿನ ಕೆರೆ ಕೋಡಿ ಬಿದ್ದರೂ ಕೆಳಗಿನದಕ್ಕೆ ನೀರೇ ಬರಲಿಲ್ಲ. ನಕ್ಷೆಯಲ್ಲಿ ಕಾಲುವೆ ಸರಿಯಾಗೇ ಇತ್ತು. ನಾವು ಮೂವರೂ ಎರಡು ದಿನ ತಲೆ ಕೆಡಿಸಿಕೊಂಡೆವು. ಈ ನೀರುಗಂಟಿ ಅಣ್ಣ ನಮ್ಮನ್ನು ನೀಲಗಿರಿ ತೋಪಿನೊಳಗೆ ಕರೆದುಕೊಂಡು ಹೋಗಿ ಒಂದು ಕಡೆ ನಿಂತರು. ‘ಕಾಲುವೆ ಇಲ್ಲಿತ್ತು’ ಅಂದರು. ಅಲ್ಲಿ ಮಣ್ಣು ತುಂಬಿ ನೆಲ ಸಮ ಮಾಡಿದ್ದರು. ವರದಿಯಲ್ಲಿ ಅವರ ಹೆಸರು ನಮ್ಮ ಹೆಸರಿನ ಜೊತೆಗೇ ಇದೆ, ಸಹಾಯಕರು ಅಂತ ಕೆಳಗೆ ಹಾಕಿಲ್ಲ.

ನಿಮಗೆ ಆಸಕ್ತಿ ಇದ್ದರೆ ಸುಮ್ನೆ ಕಾಯಬೇಡಿ. ನಿಮ್ಮೂರ ಕೆರೆ ಏರಿಯ ಮೇಲೆ, ತೂಬಿನ ಹತ್ತಿರ ಅಕ್ಷರ ಕೆತ್ತಿದ ಕಲ್ಲು ಇದೆಯಾ ನೋಡಿ. ಇದ್ದರೆ ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಫೋಟೊ ತೆಗೆಯಿರಿ. ಸವೆದ ಅಕ್ಷರವೂ ಆಗ ಎದ್ದು ಕಾಣುತ್ತದೆ.