ಸಂದರ್ಶನ ಆಧರಿಸಿದ ಸಂಶೋಧನೆಯನ್ನು ಇನ್ನೊಬ್ಬರು ಮಾಡಿದರೆ ಅದೇ ಫಲಿತಾಂಶ ಬರಬೇಕಾ?

ಬರಬೇಕಾಗಿಲ್ಲ. ಆದರೆ ನೀವು ಆ ತೀರ್ಮಾನಕ್ಕೆ ಹೇಗೆ ಬಂದಿರಿ ಎಂಬುದನ್ನು ಇನ್ನೊಬ್ಬರು ಹೆಜ್ಜೆ ಹೆಜ್ಜೆಯಾಗಿ ಪರಿಶೀಲಿಸುವಂತಿರಬೇಕು.

ಇಲ್ಲಿ ಅಳತೆಯ ಉಪಕರಣವೇ ಸಂಶೋಧಕ. ಮಲ್ಪೆ ಬಂದರಿನಲ್ಲಿ ಮೀನು ಮಾರುವ ಹೆಂಗಸರ ಹತ್ತಿರ ಸಾಲದ ಬಗ್ಗೆ ಕೇಳುತ್ತೀರಿ ಅಂದುಕೊಳ್ಳಿ. ತುಳು ಮಾತಾಡುವ ಊರಿನ ಹುಡುಗಿಗೆ ಸಿಗುವ ಉತ್ತರ ಬೇರೆ, ಫಾರ್ಮ್ ಹಿಡಿದು ಬಂದ ಹೊರಗಿನ ಗಂಡಸಿಗೆ ಸಿಗುವುದು ಬೇರೆ. ಮಳೆಗಾಲದಲ್ಲಿ ಬೋಟುಗಳು ದಡದಲ್ಲಿರುವಾಗ ಕೇಳಿದರಂತೂ ಇನ್ನೂ ಬೇರೆ. ಯಾರೂ ಸುಳ್ಳು ಹೇಳಿಲ್ಲ, ಅಲ್ವಾ?

ಹಾಗಾಗಿ ಏನು ಕೇಳಿದಿರಿ, ಯಾವಾಗ ಎಲ್ಲಿ ಕೇಳಿದಿರಿ, ಯಾವ ಮಾತನ್ನು ಯಾವ ಗುಂಪಿಗೆ ಹಾಕಿದಿರಿ (ಇದಕ್ಕೆ ಕೋಡಿಂಗ್ ಅನ್ನುತ್ತಾರೆ), ಮಧ್ಯದಲ್ಲಿ ಏನನ್ನು ಯಾಕೆ ಬದಲಾಯಿಸಿದಿರಿ, ಎಲ್ಲ ಬರೆದಿಡಬೇಕು. ಈ ದಾಖಲೆಯೇ ಆಡಿಟ್ ಟ್ರೇಲ್. ನಿಮ್ಮ ವಾದಕ್ಕೆ ಹೊಂದದ ಮಾತುಗಳನ್ನೂ ತೋರಿಸಬೇಕು. ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಇದೇ.

ಹಾಗಂತ ರೆಕಾರ್ಡಿಂಗನ್ನೆಲ್ಲ ಸುಮ್ನೆ ನೆಟ್‌ಗೆ ಹಾಕುವಂತಿಲ್ಲ. ಹೆಸರು ತೆಗೆದರೂ ಸಾಕಾಗುವುದಿಲ್ಲ. 'ಗಂಡ ತೀರಿಕೊಂಡಿದ್ದಾರೆ, ಮಗ ಕುವೈತಿನಲ್ಲಿ, ಬಂಗುಡೆ ಮಾರುತ್ತಾರೆ' ಎಂದರೆ ಬಂದರಿನಲ್ಲಿ ಯಾರೆಂದು ಗೊತ್ತಾಗಿಯೇ ಬಿಡುತ್ತದೆ. ಅದಕ್ಕೇ ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಕ್ವಾಲಿಟೇಟಿವ್ ಡೇಟಾ ರೆಪಾಸಿಟರಿಯಂಥ ಸಂಗ್ರಹಗಳಲ್ಲಿ ಸೂಕ್ಷ್ಮ ದಾಖಲೆಗಳನ್ನು ಷರತ್ತು ಹಾಕಿಯೇ ಕೊಡುತ್ತಾರೆ. ಹಂಚಿಕೊಳ್ಳಲು ಒಪ್ಪಿಗೆಯನ್ನು ಸಂದರ್ಶನದ ಹೊತ್ತಿಗೇ ಕೇಳಿಬಿಡಿ. ಆಮೇಲೆ ಮನೆ ಮನೆ ಹುಡುಕಿಕೊಂಡು ಹೋಗಿ ಸಹಿ ಕೇಳುವುದು ಜಾಸ್ತಿ ಕಷ್ಟ.